ಹಿಂದಿನ ಎಡಗಡೆಯ ಸೀಟು

ಕಾರಿನ ಹಿಂದಿನ ಸೀಟನ್ನು ಮೂಸಿ ನೋಡುತ್ತಿರುವಾಗ ನಾನು ಹೆಂಡತಿಯ ಕೈಗೆ ಸಿಕ್ಕಿಬಿದ್ದೆ. ಮಂಡಿ ನೆಲಕ್ಕೆ ಊರಿ, ತಲೆಯನ್ನು ಬಾಗಿಲಿನೊಳಗೆ ತೂರಿಸಿ, ಮೂಗನ್ನು ಚರ್ಮದ ಹೊಲಿಗೆಗೆ ಒತ್ತಿದ್ದೆ. ಮರಳೂರಿನ ನಮ್ಮ ಬೀದಿಯಲ್ಲಿ ಹಾಲು ತರಲು ಹೊರಟವರೆಲ್ಲ ನನ್ನ ಹಿಂಭಾಗವನ್ನಷ್ಟೇ ನೋಡಿಕೊಂಡು ಹೋಗಿದ್ದರು ಎಂಬುದು ಆಮೇಲೆ ತಿಳಿಯಿತು.

“ಏನ್ರೀ ಅದು ಮೂಸೋದು?” ಎಂದಳು ಮಂಗಳ.

“ಏನಿಲ್ಲ, ಈ ಸೀಟು ಯಾಕೋ ಹೊಸ ವಾಸನೆ ಬರ್ತಾ ಇದೆ.”

“ಹಳೇ ಕಾರು ತಗೊಂಡು ಹೊಸ ವಾಸನೆ ಬಂದ್ರೆ ಖುಷಿಪಡ್ಬೇಕು. ಎದ್ದು ಬನ್ನಿ, ಕಾಫಿ ಆರ್ತಾ ಇದೆ.”

ನನ್ನ ತೊಂದರೆ ಇರುವುದೇ ಅಲ್ಲಿ. ಹಳೆಯ ಕಾರಿನಲ್ಲಿ ಹೊಸ ವಾಸನೆ ಬಂದರೆ ಖುಷಿಪಡುವವರ ಪೈಕಿ ನಾನಲ್ಲ.

ಸಂಶಯ ನನಗೆ ಹುಟ್ಟಿನಿಂದ ಬಂದದ್ದಲ್ಲ, ಉದ್ಯೋಗದಿಂದ ಬಂದದ್ದು. ಮೂವತ್ತು ಚಿಲ್ಲರೆ ವರ್ಷ ತುಮಕೂರಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿದೆ. ಪಾಠ ಎಷ್ಟು ಜನರ ತಲೆಗೆ ಹೋಯಿತೋ ಗೊತ್ತಿಲ್ಲ, ಪರೀಕ್ಷಾ ಮೇಲ್ವಿಚಾರಕನಾಗಿ ಮಾತ್ರ ನನಗೆ ದೊಡ್ಡ ಹೆಸರಿತ್ತು. ವಿದ್ಯಾರ್ಥಿ ಕೆಮ್ಮಿದರೆ ಯಾಕೆ ಕೆಮ್ಮಿದ, ಕೆಮ್ಮದಿದ್ದರೆ ಯಾಕೆ ತಡೆದುಕೊಂಡ ಎಂದು ಯೋಚಿಸುವವನು ನಾನು. ನಿವೃತ್ತಿಯಾದ ಮೇಲೆ ಈ ಸಾಮರ್ಥ್ಯವನ್ನೆಲ್ಲ ಎಲ್ಲಿ ಹಾಕುವುದು? ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುವುದರಲ್ಲಿ, ಬೀಗ ಹಾಕಿದ ಬಾಗಿಲನ್ನು ವಾಪಸು ಬಂದು ನೂಕಿ ನೋಡುವುದರಲ್ಲಿ ಒಂದಿಷ್ಟು ಖರ್ಚಾಗುತ್ತಿತ್ತು. ಉಳಿದದ್ದೆಲ್ಲ ಈ ಕಾರಿಗೆಂದೇ ಕೂಡಿಟ್ಟಂತಾಯಿತು.

ಇಷ್ಟು ಸಂಶಯದವನು ಇನ್ನೊಬ್ಬರು ಬಳಸಿದ ಕಾರನ್ನು, ಅದೂ ಪರದೇಶದ ಕಂಪನಿಯ ಉದ್ದನೆಯ ಐಷಾರಾಮಿ ಕಾರನ್ನು ಯಾಕಪ್ಪಾ ಕೊಂಡ ಎಂದು ನೀವು ಕೇಳಬಹುದು. ಕಾರಣ ನನ್ನ ಅಕ್ಕ. ಅಕ್ಕ ಕುಣಿಗಲ್ಲಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ನಮ್ಮೂರಿನಲ್ಲಿ ಹೈಸ್ಕೂಲಿಲ್ಲದ್ದರಿಂದ ನಾನು ಅವಳ ಮನೆಯಲ್ಲಿದ್ದುಕೊಂಡು ಓದಿದೆ. ಆ ಮೂರು ವರ್ಷದಲ್ಲಿ ಅವಳು ನನಗೆ ಹೊಡೆದದ್ದು ಒಂದೇ ಸಲ. ಅವಳ ನಡುಮನೆಯಲ್ಲಿ ಒಂದು ತೇಗದ ಕುರ್ಚಿ ಇದೆ. ನಾನು ಅಲ್ಲಿಗೆ ಬರುವುದಕ್ಕೆ ಮುಂಚೆ ಯಾವುದೋ ಮಠದ ಸ್ವಾಮಿಗಳು ಪಾದಪೂಜೆಗೆ ದಯಮಾಡಿಸಿ ಅದರ ಮೇಲೆ ಕೂತಿದ್ದರಂತೆ. ಅಂದಿನಿಂದ ಅದಕ್ಕೊಂದು ಕಾವಿ ಬಟ್ಟೆ ಹೊದಿಸಿಟ್ಟಿದ್ದಾರೆ, ಯಾರೂ ಕೂರುವ ಹಾಗಿಲ್ಲ. ನಾನು ಒಂದು ಮಧ್ಯಾಹ್ನ ಕೂರಲು ಹೋದೆ. ಪೂರ್ತಿ ಕೂರುವುದಕ್ಕೆ ಮೊದಲೇ ಕೆನ್ನೆಗೆ ಬಿತ್ತು. ಅಕ್ಕನಿಗೆ ಆ ಕುರ್ಚಿಯ ವಿಷಯದಲ್ಲಿ ಒಂದು ಕೊರಗೂ ಇದೆ. ಸ್ವಾಮಿಗಳು ಅದರ ಮೇಲೆ ಐದು ನಿಮಿಷ ಕೂಡ ಕೂರಲಿಲ್ಲವಂತೆ, ಕೊಟ್ಟ ಹಾಲನ್ನು ಅರ್ಧ ಕುಡಿದು ಎದ್ದುಬಿಟ್ಟರಂತೆ. ತನ್ನಿಂದ ಏನು ತಪ್ಪಾಯಿತೋ ಎಂದು ಇವತ್ತಿಗೂ ಒಮ್ಮೊಮ್ಮೆ ಹೇಳಿಕೊಳ್ಳುತ್ತಾಳೆ.

ಆ ಅಕ್ಕನ ಬೆನ್ನು ಈಗ ಕೈಕೊಟ್ಟಿದೆ. ತುಮಕೂರಿನ ಮೂಳೆ ಡಾಕ್ಟರು, ವಾರಕ್ಕೊಮ್ಮೆ ಕರೆದುಕೊಂಡು ಬಂದರೆ ಓಡಾಡುವ ಹಾಗೆ ಮಾಡುತ್ತೇನೆ, ಆದರೆ ನೆಟ್ಟಗೆ ಕೂರಿಸಿ ಕುಲುಕಿಸಿಕೊಂಡು ತರಬೇಡಿ ಎಂದರು. ನನ್ನ ಹಳೆಯ ಸಣ್ಣ ಕಾರಿನಲ್ಲಿ ಒಮ್ಮೆ ಕರೆತಂದಾಗ, ಗೂಳೂರಿನ ಹಂಪುಗಳ ಹತ್ತಿರ ಕನ್ನಡಿಯಲ್ಲಿ ನೋಡಿದೆ. ನೋವಿನ ಸದ್ದು ನನಗೆ ಕೇಳಿಸಬಾರದೆಂದು ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಆ ಮುಖ ನೋಡಿದ ಮೇಲೆ ನನಗೆ ಆ ಕಾರನ್ನು ಕಂಡರೇ ಆಗದಾಯಿತು. ಹಿಂದಿನ ಸೀಟು ಹಾಸಿಗೆಯ ಹಾಗೆ ಒರಗುವ ಕಾರು ಎಲ್ಲಿದೆ ಎಂದು ಹುಡುಕತೊಡಗಿದೆ.

ಹಾಗೆ ಸಿಕ್ಕಿದವರು ಗುಬ್ಬಿಯಲ್ಲಿ ಪೈಪು, ಪಂಪ್‌ಸೆಟ್ಟು ಮಾರುವ ಚನ್ನಬಸವಯ್ಯನವರು. ಅವರ ಕಾರಿನ ಹಿಂದಿನ ಎಡಗಡೆಯ ಸೀಟು ಗುಂಡಿ ಒತ್ತಿದರೆ ಒರಗುತ್ತಿತ್ತು. ಮುಂದಿನ ಸೀಟು ತಾನೇ ಸರಿದು ಕಾಲಿಗೆ ಜಾಗ ಬಿಡುತ್ತಿತ್ತು. ಅಕ್ಕನ ಅಳತೆ ತೆಗೆದು ಮಾಡಿದಂತಿತ್ತು. “ಇಷ್ಟು ಒಳ್ಳೇ ಕಾರು ಯಾಕೆ ಕೊಡ್ತಾ ಇದೀರಿ?” ಎಂದು ಕೇಳಿದೆ.

“ಮನೇಲಿ ಯಾರೂ ಸರಿಯಾಗಿ ಕೂರಲ್ಲ ಸಾರ್ ಇದ್ರಲ್ಲಿ,” ಎಂದರು.

ಯಾಕೆ ಕೂರುವುದಿಲ್ಲ ಎಂದು ಕೇಳಿದ್ದಕ್ಕೆ ಮುಗುಳ್ನಕ್ಕು ಇನ್ನೊಂದು ಕಾಫಿ ತರಿಸಿದರು. ಪ್ರಶ್ನೆಯನ್ನು ಕಾಫಿಯ ಜೊತೆ ನುಂಗಿಕೊಂಡೆ. ಕಾಗದಪತ್ರಗಳೆಲ್ಲ ನೆಟ್ಟಗಿದ್ದವು. ನನ್ನ ಅನುಭವದಲ್ಲಿ ಅಷ್ಟು ನೆಟ್ಟಗಿರುವ ಉತ್ತರಪತ್ರಿಕೆಯನ್ನು ಎರಡು ಸಲ ನೋಡಬೇಕಾಗುತ್ತದೆ.

ಹೊಸ ಕಾರು ಕೊಂಡವನು ಪುಸ್ತಕ ಓದಿ ಕಾರನ್ನು ತಿಳಿಯುತ್ತಾನೆ. ಹಳೆಯ ಕಾರು ಕೊಂಡವನು ಕಾರನ್ನು ಓದಿ ಹಿಂದಿನ ಯಜಮಾನನನ್ನು ತಿಳಿಯಬೇಕು. ಡ್ರೈವರ್ ಬದಿಯ ಬಾಗಿಲಿನಲ್ಲಿ ಒಂದು, ಎರಡು, ಮೂರು ಎಂಬ ಗುಂಡಿಗಳಿದ್ದವು. ಯಾರು ಹೇಗೆ ಕೂರುತ್ತಾರೆ ಎಂಬುದನ್ನು ಸೀಟು ನೆನಪಿಟ್ಟುಕೊಂಡಿರುತ್ತದಂತೆ. ಒಂದನ್ನು ಒತ್ತಿದೆ. ಸೀಟು ಗುಂಯ್ ಎಂದು ಹಿಂದಕ್ಕೆ ಹೋಯಿತು, ತಗ್ಗಿತು, ನನ್ನ ಕಾಲು ಬ್ರೇಕಿಗೆ ಎಟುಕದೆ ತೂಗಾಡಿತು. ಚನ್ನಬಸವಯ್ಯನವರು ನನ್ನ ಭುಜದವರೆಗೆ ಬರುತ್ತಾರೆ. ಹಾಗಾದರೆ ಈ ಉದ್ದನೆಯ ಮನುಷ್ಯ ಯಾರು? ಎರಡನ್ನೂ ಮೂರನ್ನೂ ಒತ್ತಿದರೆ ಸೀಟು ಅಲುಗಲಿಲ್ಲ. ಅಂದರೆ ಯಜಮಾನರು ತಮ್ಮ ಕಾರನ್ನು ಒಮ್ಮೆಯೂ ಓಡಿಸಿಲ್ಲ, ಯಾರೋ ಒಬ್ಬ ಉದ್ದನೆಯವನು ಓಡಿಸುತ್ತಿದ್ದ. ಅವನು ಎಲ್ಲಿಗೆ ಹೋಗುತ್ತಿದ್ದ?

ಕಾರಿಗೂ ನನ್ನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ ಎನ್ನಿ. ಪಕ್ಕದ ಸೀಟಿನ ಮೇಲೆ ಒಂದು ಹಲಸಿನಹಣ್ಣು ಇಟ್ಟುಕೊಂಡು ಬರುತ್ತಿದ್ದರೆ, ಅದಕ್ಕೆ ಬೆಲ್ಟು ಹಾಕು ಎಂದು ಬಿಡದೆ ಗಂಟೆ ಬಾರಿಸಿತು. ಕಡೆಗೆ ಹಲಸಿನಹಣ್ಣಿಗೆ ಬೆಲ್ಟು ಹಾಕಿದೆ. ಸ್ವಲ್ಪ ದೂರ ಓಡಿಸಿದರೆ ಪರದೆಯ ಮೇಲೆ ಒಂದು ಕಾಫಿ ಲೋಟದ ಚಿತ್ರ ಮೂಡಿಸಿ, ನಿಮಗೆ ಆಯಾಸವಾದಂತಿದೆ, ನಿಲ್ಲಿಸುತ್ತೀರಾ ಎಂದು ಕೇಳುತ್ತದೆ. ನಾನು ಎಡಕ್ಕೆ ನೋಡಿದ್ದು, ಆಕಳಿಸಿದ್ದು, ಗೆರೆ ದಾಟಿದ್ದು ಎಲ್ಲ ಅದಕ್ಕೆ ಗೊತ್ತು. ಬೆನ್ನ ಹಿಂದೆ ಇನ್ನೊಬ್ಬ ಮೇಲ್ವಿಚಾರಕ ಕೈಕಟ್ಟಿ ನಿಂತಂತೆ ಆಗುತ್ತಿತ್ತು. ಮೂವತ್ತು ವರ್ಷ ಮಕ್ಕಳು ನನ್ನನ್ನು ಹೇಗೆ ಸಹಿಸಿಕೊಂಡರೋ ಎಂದು ಮೊದಲ ಬಾರಿಗೆ ಅನ್ನಿಸಿತು.

ಇಂಥ ಪರಿಶೀಲನೆಯ ನಡುವೆ ಆ ಎಡಗಡೆಯ ಸೀಟು ಕಣ್ಣಿಗೆ ಬಿತ್ತು. ಉಳಿದ ಸೀಟುಗಳ ಚರ್ಮ ಅಲ್ಲಲ್ಲಿ ಸುಕ್ಕುಗಟ್ಟಿ, ಅಂಚಿನಲ್ಲಿ ಸವೆದು, ಕೂತವರ ತೂಕವನ್ನು ತೋರಿಸುತ್ತಿತ್ತು. ಇದೊಂದು ಮಾತ್ರ ನಿನ್ನೆ ಅಂಗಡಿಯಿಂದ ತಂದಂತೆ ನುಣ್ಣಗಿತ್ತು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಅದರ ಪಕ್ಕದ ಬಾಗಿಲಿನ ಜೇಬಿಗೆ ಕೈಹಾಕಿದಾಗ ಬೆರಳ ತುದಿಗೆ ಬೆಳ್ಳಗೆ ಪುಡಿ ಮೆತ್ತಿಕೊಂಡಿತು. ಬಲಗಡೆಯ ಬಾಗಿಲಿನಲ್ಲಿ ನೋಡಿದೆ, ಇಲ್ಲ. ಮುಂದೆ ನೋಡಿದೆ, ಇಲ್ಲ. ಒಂದು ಕಡೆ ಮಾತ್ರ.

ಹಳೆಯ ಕಾರು ಕೊಳ್ಳುವವರು ಮೋಸಹೋಗದಂತೆ ಬುದ್ಧಿ ಹೇಳುವ ಎಷ್ಟೋ ವಿಡಿಯೋಗಳನ್ನು ನಾನು ನೋಡಿದ್ದೆ. ಅಪಘಾತವಾಗಿ ಕಾರಿನೊಳಗಿನ ಏರ್‌ಬ್ಯಾಗು ಎಂಬ ಗಾಳಿಚೀಲ ಸಿಡಿದರೆ ಬಿಳಿ ಪುಡಿ ಉದುರಿ ಮೂಲೆಮೂಲೆಯಲ್ಲಿ ಉಳಿಯುತ್ತದೆ ಎಂದು ಒಂದರಲ್ಲಿ ಹೇಳಿದ್ದರು. ಎಡಗಡೆಯಿಂದ ಲಾರಿ ಗುದ್ದಿದೆ, ಚೀಲ ಸಿಡಿದಿದೆ, ಸೀಟು ಹಾಳಾಗಿದೆ, ಹೊಸದು ಹಾಕಿಸಿದ್ದಾರೆ. ಅಲ್ಲಿ ಕೂತವರ ಗತಿ ಏನಾಯಿತೋ. ಅದಕ್ಕೇ ಮನೆಯವರು ಕೂರುವುದಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಬೇಕೆಂದು ನಮ್ಮ ತರ್ಕಪಂಡಿತರು ಪಾಠ ಮಾಡುತ್ತಿದ್ದರು. ದೂರದಿಂದ ನೋಡಿದರೆ ಮಂಜೂ ಹೊಗೆಯ ಹಾಗೇ ಕಾಣುತ್ತದೆ ಎಂಬ ಮಾತು ಆ ಬೆಳಗ್ಗೆ ನನಗೆ ನೆನಪಾಗಲಿಲ್ಲ.

ಶಿರಾ ಗೇಟಿನ ಮೆಕ್ಯಾನಿಕ್ ಬಾಷಾನ ಬಳಿ ಕಾರನ್ನು ಒಯ್ದೆ. ಅವನು ಕೆಳಗೆ ನುಗ್ಗಿ, ಮೇಲೆ ಹತ್ತಿ, ಬಾಗಿಲಿನ ರಬ್ಬರು ಎತ್ತಿ ನೋಡಿ, “ಗಾಡಿ ಏನೂ ಖರಾಬ್ ಆಗಿಲ್ಲ ಸಾರ್. ಒಂದು ಬೋಲ್ಟೂ ಬಿಚ್ಚಿಲ್ಲ,” ಎಂದ.

“ಹಂಗಾದ್ರೆ ಈ ಸೀಟೊಂದು ಯಾಕೆ ಹೊಸದಾಗಿದೆ?”

“ಯಾರೂ ಕೂತಿಲ್ಲ, ಅದಕ್ಕೆ.”

ಇಷ್ಟು ಸುಲಭದ ಉತ್ತರವನ್ನು ನಾನು ಯಾವ ವಿದ್ಯಾರ್ಥಿಯಿಂದಲೂ ಒಪ್ಪಿಕೊಂಡವನಲ್ಲ. ಬಾಷಾನಿಗೂ ಚನ್ನಬಸವಯ್ಯನವರಿಗೂ ಮೊದಲೇ ಪರಿಚಯವಿರಬಹುದೇ ಎಂದು ಯೋಚಿಸುತ್ತ ಮನೆಗೆ ಬಂದೆ.

ಈ ನಡುವೆ ಮೂರು ವಾರ ಕಳೆದಿತ್ತು. ಕಾರು ಬಂದ ದಿನ ಅಕ್ಕನಿಗೆ ಫೋನು ಮಾಡಿ, ಬರುವ ಸೋಮವಾರವೇ ಬರುತ್ತೇನೆ ಎಂದಿದ್ದೆ. ಸೋಮವಾರ ಅಕ್ಕ ಸೀರೆ ಉಟ್ಟುಕೊಂಡು ಕಾದಳು. ಬ್ಯಾಟರಿ ನೋಡಿಸಬೇಕು ಎಂದೆ. ಮುಂದಿನ ವಾರ, “ಯಾವಾಗ್ಲಾ ಬರ್ತೀಯ?” ಎಂದಳು. ಸರ್ವೀಸಿಗೆ ಬಿಟ್ಟಿದೀನಿ ಎಂದೆ. ಅಪಘಾತದಲ್ಲಿ ಯಾರೋ ನರಳಿದ ಜಾಗದಲ್ಲಿ, ಇನ್ನೊಮ್ಮೆ ಏನಾದರೂ ಆದರೆ ಕಾಪಾಡುವ ಚೀಲ ಇದೆಯೋ ಇಲ್ಲವೋ ಗೊತ್ತಿಲ್ಲದ ಜಾಗದಲ್ಲಿ ಅವಳನ್ನು ಹೇಗೆ ಕೂರಿಸಲಿ? ಹಾಗೆಂದು ಹೇಳಿದರೆ ಹೆದರುತ್ತಾಳೆ. ಮೂರನೆಯ ವಾರ ನಾನೇ ಫೋನು ಮಾಡಿ ಇನ್ನೊಂದು ನೆಪ ಹೇಳಲು ಬಾಯಿ ತೆರೆಯುವ ಮೊದಲೇ ಅವಳು, “ಆಯ್ತು ಬುಡು,” ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆ ಎರಡು ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಮಾರನೆಯ ಬೆಳಗ್ಗೆ ಹಠ ಹಿಡಿದು ಕಾರಿನಲ್ಲಿ ಕೂತು ಪರದೆಯ ಒಂದೊಂದೇ ಚಿತ್ರವನ್ನು ಒತ್ತುತ್ತ ಹೋದೆ. ಕಡೆಗೆ ದಾರಿ ತೋರಿಸುವ ಭಾಗದಲ್ಲಿ, ಹಿಂದೆ ಹೋಗಿಬಂದ ಜಾಗಗಳ ಪಟ್ಟಿ ಸಿಕ್ಕಿತು. ಪಟ್ಟಿಯ ತಲೆಯ ಮೇಲೆ ನಕ್ಷತ್ರದ ಗುರುತು ಹಾಕಿದ ಒಂದು ಜಾಗ. ಹೆಸರಿಲ್ಲ, ಗುಬ್ಬಿ ದಾಟಿ ಒಂದಷ್ಟು ದೂರ ಅಷ್ಟೇ. ಉದ್ದನೆಯವನು ಹೋಗುತ್ತಿದ್ದದ್ದು ಅಲ್ಲಿಗೆ. ಗುದ್ದಿದ ಕಾರುಗಳನ್ನು ಗುಟ್ಟಾಗಿ ರಿಪೇರಿ ಮಾಡುವ ಗ್ಯಾರೇಜು ಅದೇ ಇರಬೇಕು. ಮಂಗಳನಿಗೂ ಹೇಳದೆ ಹೊರಟೆ. ಕಾರಿನ ಹೆಂಗಸು ಊರುಗಳ ಹೆಸರುಗಳನ್ನೆಲ್ಲ ಕೊಲ್ಲುತ್ತ, ಎಡಕ್ಕೆ ಬಲಕ್ಕೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತ, ತೆಂಗಿನ ತೋಟಗಳ ನಡುವಿನ ಸಣ್ಣ ದಾರಿಗೆ ಇಳಿಸಿ, ನೀವು ತಲುಪಿದಿರಿ ಎಂದಳು. ಎದುರಿಗಿದ್ದದ್ದು ಗ್ಯಾರೇಜಲ್ಲ, ಒಂದು ಸಣ್ಣ ಮಠದ ಬಾಗಿಲು.

ಎಂಜಿನ್ ಆರಿಸುವ ಮೊದಲೇ ಬಿಳಿ ಪಂಚೆಯ ವಯಸ್ಸಾದವರೊಬ್ಬರು ಬಂದು ಹಿಂದಿನ ಎಡಬಾಗಿಲನ್ನು ತೆಗೆದರು. “ಬುದ್ಧಿಯೋರು ಪೂಜೆ ಮುಗಿಸ್ತಾವ್ರೆ, ಹತ್ತು ನಿಮಿಷ. ಯಾಕೆ ಡ್ರೈವರ್ ಸಾರ್, ಆ ಉದ್ದನೆಯೋರು ಬರ್ಲಿಲ್ವಾ ಇವತ್ತು?” ಎನ್ನುತ್ತ ಸೀಟಿನ ಮೇಲೆ ಒಂದು ಕಾವಿ ಬಟ್ಟೆ ಹಾಸಿದರು. ಆಮೇಲೆ ಒಂದು ವಿಭೂತಿ ಗಟ್ಟಿಯನ್ನು ತಂದು ಬಾಗಿಲಿನ ಜೇಬಿನಲ್ಲಿಟ್ಟು, ಕೈಗೆ ಅಂಟಿದ್ದನ್ನು ಅಲ್ಲೇ ಝಾಡಿಸಿಕೊಂಡರು. ಬೆಳ್ಳಗಿನ ಪುಡಿ ಜೇಬಿನ ತಳಕ್ಕೆ ಉದುರಿತು.

ನಾನು ಕೂತಲ್ಲೇ ತಿರುಗಿ ನೋಡುತ್ತಿದ್ದೆ. ಕನ್ನಡಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಹಣೆಯ ಮೇಲೆ ಬೆಳಗ್ಗೆ ಹಚ್ಚಿಕೊಂಡ ಮೂರು ಬೆರಳಿನ ವಿಭೂತಿ ಇನ್ನೂ ಒಣಗಿಕೊಂಡು ಕೂತಿತ್ತು. ನೆನಪು ಬಂದಾಗಿನಿಂದ ದಿನವೂ ಮುಟ್ಟುವ ವಸ್ತು ಅದು. ಅದನ್ನು ಬೆರಳಿಗೆ ಮೆತ್ತಿಕೊಂಡು, ಮೂಸಿ ನೋಡಿ, ನಾನು ಪರದೇಶದ ಗಾಳಿಚೀಲವನ್ನು ಕಂಡುಹಿಡಿದಿದ್ದೆ. ಯಾವ ಉಪಕರಣದಿಂದ ಅಳೆಯುವ ಮೊದಲೂ ಅದರ ಶೂನ್ಯ ದೋಷವನ್ನು, ಅಂದರೆ ಮುಳ್ಳು ಸೊನ್ನೆಯ ಮೇಲೇ ನಿಂತಿದೆಯೋ ಇಲ್ಲವೋ ಎಂಬುದನ್ನು, ನೋಡಿಕೊಳ್ಳಿ ಎಂದು ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ಹೇಳುತ್ತಿದ್ದವನು ನಾನೇ. ನನ್ನ ಮುಳ್ಳು ಮೊದಲಿನಿಂದಲೂ ಒಂದು ಕಡೆಗೆ ವಾಲಿಕೊಂಡಿತ್ತು.

ಸ್ವಾಮಿಗಳು ಹೊರಗೆ ಬಂದರು. ಕಾರು ಮಾರಿದ್ದು ಅವರಿಗೆ ಗೊತ್ತಿತ್ತು, ಪಂಚೆಯವರಿಗೆ ಮಾತ್ರ ಗೊತ್ತಿರಲಿಲ್ಲ. ನಮಸ್ಕಾರ ಮಾಡಿ, ನಾನು ಬಂದ ಕಾರಣವನ್ನು ಒಂದಿಷ್ಟು ತೇಪೆ ಹಾಕಿ ಹೇಳಿದೆ. ಅವರು ನಕ್ಕರು. “ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ಚನ್ನಬಸವಯ್ಯ ಈ ಕಾರು ಕಳಿಸೋರು. ನಾವು ಅಲ್ಲಿ ಕೂರ್ತೀವಿ ಅಂತ ಅವರ ಮನೇಲಿ ಒಬ್ರೂ ಆ ಸೀಟಿನ ಮೇಲೆ ಕೂರ್ತಿರ್ಲಿಲ್ಲವಂತೆ. ಮಿಕ್ಕ ಸೀಟಲ್ಲಿ ಒಬ್ಬರ ಮೇಲೆ ಒಬ್ರು ಕೂತ್ಕೊಂಡು ಮದುವೆ ಮುಂಜಿಗೆ ಹೋಗೋರು. ಗೊತ್ತಾದ್ಮೇಲೆ, ಇದನ್ನ ಕೂರೋರಿಗೆ ಕೊಟ್ಬಿಡಿ ಅಂತ ನಾವೇ ಹೇಳಿದ್ವಿ.”

“ನನಗೆ ಒಂದು ಮಾತು ಹೇಳ್ಬೋದಿತ್ತು ಬುದ್ಧಿ.”

“ನಮ್ಮ ಹೆಸರು ಹೇಳಿ ವ್ಯಾಪಾರ ಮಾಡೋದು ಬೇಡ ಅಂತ ಇರ್ಬೇಕು. ಅದಿರಲಿ, ಕಾರು ಯಾರಿಗೆ ತಗೊಂಡ್ರಿ?”

ಅಕ್ಕನ ಬೆನ್ನಿನ ವಿಷಯ ಹೇಳಿದೆ.

“ಮತ್ತೆ ಇಲ್ಲಿಗ್ಯಾಕೆ ಬಂದ್ರಿ? ಹೋಗಿ ಅವರನ್ನ ಕೂರಿಸ್ಕೊಂಡು ಬನ್ನಿ,” ಎಂದರು.

ಮಾರನೆಯ ದಿನವೇ ಮಂಗಳನನ್ನೂ ಕರೆದುಕೊಂಡು ಕುಣಿಗಲ್ಲಿಗೆ ಹೊರಟೆ. ಸಂಶಯ ತೀರಿತ್ತು, ಆದರೆ ಅದರ ಜಾಗದಲ್ಲಿ ದೊಡ್ಡ ಪೇಚಾಟ ಬಂದು ಕೂತಿತ್ತು. ಕುರ್ಚಿಗೆ ನಲವತ್ತು ಚಿಲ್ಲರೆ ವರ್ಷ ಬಟ್ಟೆ ಹೊದಿಸಿಟ್ಟವಳು, ಸ್ವಾಮಿಗಳ ಸೀಟು ಎಂದು ತಿಳಿದರೆ ಪ್ರಾಣ ಹೋದರೂ ಅದರ ಮೇಲೆ ಕೂರುವುದಿಲ್ಲ. ಬೇರೆ ಯಾವ ಸೀಟೂ ಒರಗುವುದಿಲ್ಲ. “ಸುಮ್ನೆ ಏನೂ ಹೇಳ್ಬೇಡಿ,” ಎಂದಳು ಮಂಗಳ. ಎಲ್ಲರಿಂದಲೂ ನಿಜ ಕಕ್ಕಿಸಲು ಹೊರಟಿದ್ದವನು ಈಗ ನಿಜವನ್ನು ಮುಚ್ಚಿಟ್ಟುಕೊಂಡು ಕಾರು ಓಡಿಸುತ್ತಿದ್ದೆ.

“ಸರಿಹೋಯ್ತೇನ್ಲಾ ನಿನ್ ಕಾರು?” ಎಂದಳು ಅಕ್ಕ. ಮಾತಿನಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಹಿಂದಿನ ಎಡಗಡೆ ಕೂರಿಸಿದೆವು. ಬಾಗಿಲು ತಾನೇ ಮೆತ್ತಗೆ ಮುಚ್ಚಿಕೊಂಡಿತು, ಸೀಟು ಒರಗಿತು, ಕಾಲಿಗೆ ಆಸರೆ ಎದ್ದಿತು. ಊರು ದಾಟಿದ ಮೇಲೆ ಅಕ್ಕ ತನ್ನ ಎಲೆಅಡಿಕೆ ಚೀಲವನ್ನು ಇಡಲು ಬಾಗಿಲಿನ ಜೇಬಿಗೆ ಕೈಹಾಕಿದಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಬೆರಳಿಗೆ ಪುಡಿ ಅಂಟಿತು. ಅವಳು ಮೂಸಲಿಲ್ಲ, ಉಜ್ಜಲಿಲ್ಲ, ಯೋಚಿಸಲೂ ಇಲ್ಲ. ಸೀದಾ ಹಣೆಗೆ ಹಚ್ಚಿಕೊಂಡಳು. ನಾನು ಮೂರು ವಾರ ತಿಣುಕಿದ್ದು ಅವಳಿಗೆ ಒಂದು ಉಸಿರಿನ ಕೆಲಸವಾಗಿತ್ತು.

“ಇಲ್ಲಿ ಯಾರ್ಲಾ ಕೂರ್ತಿದ್ರು?”

ಮಂಗಳ ನನ್ನ ಕಡೆ ಕಣ್ಣು ಬಿಟ್ಟಳು. ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ, ಲಾರಿ, ಗಾಳಿಚೀಲ, ಬಾಷಾ, ಮಠ, ಸ್ವಾಮಿಗಳು ಅಂದ ಮಾತು, ಎಲ್ಲ.

“ಗಾಡಿ ನಿಲ್ಸು,” ಎಂದಳು ಅಕ್ಕ.

ರಸ್ತೆ ಬದಿಯ ಹುಣಸೆಮರದ ಕೆಳಗೆ ನಿಲ್ಲಿಸಿದೆ. ಮಂಗಳನ ಕೈ ಹಿಡಿದುಕೊಂಡು ಅಕ್ಕ ಕಷ್ಟಪಟ್ಟು ಇಳಿದಳು. ಸೀಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮುಗಿಯಿತು, ಇನ್ನು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಸೆರಗು ಕಚ್ಚಿಕೊಳ್ಳುತ್ತಾಳೆ ಎಂದುಕೊಂಡೆ.

“ಮೂರು ವಾರ ಇದುಕ್ಕಾ ನೀನು ಬರ್ದೆ ಇದ್ದಿದ್ದು?”

“ಹೂಂ ಅಕ್ಕ. ಗುದ್ದಿದ ಗಾಡೀಲಿ ನಿನ್ನ ಹೆಂಗೆ ಕೂರ್ಸೋದು ಅಂತ.”

ಅಕ್ಕ ಕಾರಿನ ಬಾಗಿಲು ಹಿಡಿದು ನನ್ನ ಕಡೆ ತಿರುಗಿದಳು. “ನಾನು ಬೇರೆ ಏನೋ ಅನ್ಕೊಂಡಿದ್ದೆ ಕಣೋ. ದೊಡ್ಡ ಕಾರು ಬಂತು, ಈ ಮುದುಕೀನ ಅದ್ರಲ್ಲಿ ಕೂರ್ಸೋಕೆ ಇವ್ನಿಗೆ ನಾಚ್ಕೆ ಆಗ್ತಾ ಇರ್ಬೇಕು ಅಂತ.”

ನಾನು ಕಾರನ್ನು ಅನುಮಾನಿಸುತ್ತ ಕೂತಿದ್ದಷ್ಟು ದಿನವೂ ಕುಣಿಗಲ್ಲಿನಲ್ಲಿ ಅಕ್ಕ ನನ್ನನ್ನು ಅನುಮಾನಿಸುತ್ತ ಕೂತಿದ್ದಳು. ನನ್ನದು ಬರೀ ತಪ್ಪು ಲೆಕ್ಕ. ಅವಳದಕ್ಕೆ ನಾನೇ ವಾರವಾರವೂ ಸಾಕ್ಷಿ ಒದಗಿಸಿದ್ದೆ.

“ಬುದ್ಧಿಯೋರೇ ಕೂರ್ಸು ಅಂದವ್ರೆ ಅಂದ್ಮೇಲೆ ನಾನ್ಯಾರು ಬ್ಯಾಡ ಅನ್ನೋಕೆ?” ಎಂದು ಅಕ್ಕ ಅದೇ ಸೀಟಿನ ಮೇಲೆ ಕೂತಳು. ಗೂಳೂರಿನ ಹಂಪುಗಳು ಬಂದವು. ಕನ್ನಡಿಯಲ್ಲಿ ನೋಡಿದೆ. ಅಕ್ಕ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಬಾಯಲ್ಲಿ ಸೆರಗಿರಲಿಲ್ಲ.

ಡಾಕ್ಟರನ್ನು ನೋಡಿ ಸಾಯಂಕಾಲ ವಾಪಸು ಬಿಡಲು ಹೋದಾಗ, ನಡುಮನೆಗೆ ಬರುತ್ತಲೇ ಅಕ್ಕ, “ಆ ಕುರ್ಚಿ ಬಟ್ಟೆ ತೆಗ್ದು ನೀನೂ ಒಂದು ಸಲ ಕೂತ್ಕೊ. ಅವತ್ತು ಸುಮ್ನೆ ಹೊಡ್ದೆ,” ಎಂದಳು. ಬೇಡವೆಂದರೂ ಬಿಡಲಿಲ್ಲ. ಬಟ್ಟೆ ತೆಗೆದು ಕೂತೆ. ಕೂತವನು ಹಾಗೇ ಎದ್ದೆ. ಬಗ್ಗಿ ನೋಡಿದರೆ ಹಲಗೆಯ ಜೋಡಣೆಯಲ್ಲಿ ಒಂದು ಮೊಳೆ ತುಕ್ಕು ಹಿಡಿದು ಒಂದು ಎಳ್ಳಿನಷ್ಟು ಮೇಲೆದ್ದಿತ್ತು.

“ಅಕ್ಕ, ಇಲ್ಲಿ ಮೊಳೆ ಇದೆ. ಇದ್ರ ಮೇಲೆ ಯಾರೂ ಐದು ನಿಮಿಷ ಕೂರಕ್ಕಾಗಲ್ಲ.”

ಅಕ್ಕ ಬಂದು ಬೆರಳಿನಿಂದ ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. “ಹಾಲಲ್ಲಿ ಹೊಗೆ ವಾಸನೆ ಬಂದಿತ್ತೇನೋ ಅಂತ ಇಷ್ಟ್ ವರ್ಷ ಕೊರಗ್ತಿದ್ನಲ್ಲೋ,” ಎಂದು ನಗತೊಡಗಿದಳು. ಬೆನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಸುತ್ತಿಗೆ ತರಲು ಸೊಸೆಗೆ ಹೇಳಿದಳು.

ಮೊಳೆ ಬಡಿದಾಯಿತು. “ಈಗ ಕೂತ್ಕೊ,” ಎಂದಳು. ಕೂತೆ. ಕೂರುವ ಮೊದಲು ಹಲಗೆಯನ್ನು ಕೈಯಿಂದ ಒಮ್ಮೆ ಸವರಿ ನೋಡಿದೆ, ಅಷ್ಟು ಮಾತ್ರ ನನ್ನಿಂದ ಬಿಡಲಾಗಲಿಲ್ಲ.